ಐವರ ಸಾಲು, ಸಾರಿನ ಬಕೆಟ್ಟು

ಕಾಲೇಜಿನಲ್ಲಿ ನಾನು ಕಬಡ್ಡಿ ತಂಡದಲ್ಲಿದ್ದೆ ಎಂದರೆ ಸುಳ್ಳಲ್ಲ. ತಂಡದ ಫೋಟೋದಲ್ಲಿ ಎಡತುದಿಗೆ ನಾನೂ ನಿಂತಿದ್ದೇನೆ. ಆದರೆ ಫೋಟೋವನ್ನು ಹತ್ತಿರ ಹಿಡಿದು ನೋಡಿದರೆ ನನ್ನ ಎರಡೂ ಕೈಗೆ ಮೊಣಕೈವರೆಗೂ ಬಳೆಗಳಿರುವುದು ಕಾಣುತ್ತದೆ. ಅವು ನನ್ನವಲ್ಲ. ಆಡಲು ಇಳಿಯುವ ಹುಡುಗಿಯರು ಬಳೆ ಬಿಚ್ಚಿ ಯಾರ ಕೈಗಾದರೂ ಕೊಡಬೇಕಲ್ಲ, ಆ ಯಾರಾದರೂ ನಾನು. ಮಂಡ್ಯದ ಮೈದಾನದ ಬೆಂಚಿನ ಮೇಲೆ ಕೂತು, ಕಂಡವರ ಬಳೆ ತೊಟ್ಟುಕೊಂಡು, ನಾನು ಓದು ಮುಗಿಯುವ ತನಕ ನಮ್ಮ ಕಾಲೇಜಿಗೆ ಆಡಿದೆ.

ಮದುವೆಯಾಗಿ ಅಮೆರಿಕಕ್ಕೆ, ಬೆರ್ರಿಯೆಸಾದ ಅಪಾರ್ಟ್‌ಮೆಂಟಿಗೆ ಬಂದಾಗ ಇಲ್ಲಿ ಇಂಟರ್‌ನೆಟ್ ಕಂಪನಿಗಳ ಜಾತ್ರೆ. ಕೀಬೋರ್ಡ್ ಒರೆಸಲು ಬಂದವನನ್ನೂ ಇಂಜಿನಿಯರ್ ಮಾಡಿ ಕೂರಿಸುತ್ತಾರೆ ಎಂದು ಜನ ತಮಾಷೆ ಮಾಡುತ್ತಿದ್ದರು. ನನ್ನನ್ನು ಮಾತ್ರ ಯಾರೂ ಕೂರಿಸುವ ಹಾಗಿರಲಿಲ್ಲ. ನನ್ನ ವೀಸಾ ಗಂಡನ ವೀಸಾಕ್ಕೆ ಅಂಟಿಕೊಂಡ ಬಾಲ, ಅದರಲ್ಲಿ ಕೆಲಸ ಮಾಡುವಂತಿಲ್ಲ ಎಂದು ಅಚ್ಚು ಹೊಡೆದ ಹಾಗೆ ಹೇಳಿ ಕಳಿಸಿದ್ದರು. ಗಣಿತದಲ್ಲಿ ಫಸ್ಟ್ ಕ್ಲಾಸು ತೆಗೆದುಕೊಂಡವಳು ಗ್ರೋಸರಿ ಅಂಗಡಿಯ ಕೂಪನ್ ಕತ್ತರಿಸುತ್ತಾ ಕೂತೆ. ಬೆಂಚು ಬದಲಾಗಿತ್ತು, ಅಷ್ಟೆ. ನನಗೆ ಅಳು ಬರುವುದು ಕಡಿಮೆ, ಸಿಟ್ಟು ಬರುವುದು ಜಾಸ್ತಿ. ಆ ವರ್ಷಗಳಲ್ಲಿ ಬಂದ ಸಿಟ್ಟಿನಲ್ಲಿ ಒಂದು ಸಂಸಾರಕ್ಕೆ ಸಾಲುವಷ್ಟು ಅಡುಗೆ ಬೇಯಿಸಬಹುದಿತ್ತು.

ನಮ್ಮ ಯಜಮಾನರ ಕಂಪನಿ ಇಂಟರ್‌ನೆಟ್‌ನಲ್ಲಿ ಕಿಟಕಿ ಪರದೆ ಮಾರುತ್ತಿತ್ತು. ಇಡೀ ಅಮೆರಿಕದ ಕಿಟಕಿಗಳಿಗೆ ಪರದೆ ಹಾಕಲು ಹೊರಟವರ ಮನೆಯ ಕಿಟಕಿಗೆ ನಾವು ಹಳೆಯ ಬೆಡ್‌ಶೀಟು ಕಟ್ಟಿಕೊಂಡಿದ್ದೆವು. ಅವರ ಸೊಂಟದಲ್ಲಿ ಸದಾ ಒಂದು ಪೇಜರು. ಕಂಪನಿಯ ಕಂಪ್ಯೂಟರು ಮಲಗಿಬಿಟ್ಟರೆ ಅದು ಗುಂಯ್ ಎನ್ನುತ್ತದೆ, ಇವರು ಎದ್ದು ಓಡುತ್ತಾರೆ. ಅದರ ಕೂಗಿಗೆ ಓಗೊಟ್ಟಷ್ಟು ಬೇಗ ನನ್ನ ಕೂಗಿಗೆ ಯಾವತ್ತೂ ಓಗೊಟ್ಟವರಲ್ಲ.

ಈ ನಡುವೆ ನನ್ನನ್ನು ಬದುಕಿಸಿದ್ದು ಶನಿವಾರದ ಫುಟ್‌ಬಾಲು. ಸ್ಯಾನ್ ರಮೋನಿನಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಹಿರಿಯ ಇಂಜಿನಿಯರಿದ್ದರು. ಎಲ್ಲರಿಗೂ ಅವರು ಕಾಕಾ, ಅವರ ಹೆಂಡತಿ ಕಾಕೂ. ಕಾಕಾ ನಾವೆಲ್ಲ ಹುಟ್ಟುವ ಹೊತ್ತಿಗೇ ಈ ದೇಶದ ನಡುಮಧ್ಯದ ಯಾವುದೋ ಯೂನಿವರ್ಸಿಟಿಗೆ ಓದಲು ಬಂದವರು. ಓದಿದ್ದೆಲ್ಲ ಮರೆತರೂ ಆ ಯೂನಿವರ್ಸಿಟಿಯ ಫುಟ್‌ಬಾಲ್ ತಂಡವನ್ನು ಮರೆತಿರಲಿಲ್ಲ. ಅಲ್ಲಿ ಮಧ್ಯಾಹ್ನಕ್ಕೆ ಶುರುವಾದ ಆಟ ನಮಗೆ ಬೆಳಗಿನ ತಿಂಡಿಯ ಹೊತ್ತಿಗೆ ಟಿ.ವಿ.ಯಲ್ಲಿ ಬರುತ್ತಿತ್ತು. ಕಾಕೂ ಮಂಡಕ್ಕಿ ಗಿರ್ಮಿಟ್ ಕಲೆಸುತ್ತಿದ್ದರು. ನಾವು ಸಿಕ್ಸ್ ಏಯ್ಟಿ ಫ್ರೀವೇ ಹಿಡಿದು ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋಗಿ, ಗಿರ್ಮಿಟ್ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆವು.

ಈ ಫುಟ್‌ಬಾಲು ಕಾಲಲ್ಲಿ ಆಡುವುದಲ್ಲ. ಚೆಂಡು ಎಸೆಯುವ ಒಬ್ಬ ಚೆಲುವ ಇರುತ್ತಾನೆ, ಜಾಹೀರಾತಿನಲ್ಲಿ ಬರುವವನೂ ಅವನೇ. ಅವನನ್ನು ಕೆಡವಲು ಎದುರು ತಂಡದವರು ನುಗ್ಗುತ್ತಾರೆ. ಅವರನ್ನು ತಡೆಯಲು ಅವನ ಮುಂದೆ ಐದು ಜನ ದಡಿಯರು ಸಾಲಾಗಿ ಬಗ್ಗಿ ನಿಂತಿರುತ್ತಾರೆ. ಈ ಐವರ ಕೈಗೆ ಚೆಂಡು ಕೊಟ್ಟು ಓಡಿ ಎನ್ನುವವರಿಲ್ಲ, ಇವರ ಹೆಸರು ಕೂಗುವವರಿಲ್ಲ. ಚೆಂಡು ಅಲುಗುವ ಮೊದಲು ಇವರಲ್ಲೊಬ್ಬ ಒಂದು ಹೆಜ್ಜೆ ಅಲುಗಿದರೂ ‘ಫಾಲ್ಸ್ ಸ್ಟಾರ್ಟ್’ ಎಂದು ದಂಡ ಹಾಕಿ ಇಡೀ ತಂಡವನ್ನು ಹಿಂದಕ್ಕೆ ಕಳಿಸುತ್ತಾರೆ. ಎಲ್ಲರೂ ಚೆಂಡು ಎಸೆಯುವವನನ್ನು ನೋಡುತ್ತಿದ್ದರೆ ನಾನು ಈ ಐವರನ್ನೇ ನೋಡುತ್ತಿದ್ದೆ. ಇನ್ನೂ ಹೇಳಬೇಕೆಂದರೆ, ಅವರ ಹಿಂದೆ ಬೆಂಚಿನಲ್ಲಿ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂತ ಬದಲಿ ದಡಿಯರನ್ನು.

ಆ ವರ್ಷ ಕಾಕಾನ ತಂಡಕ್ಕೆ ಹೊಸ ಕೋಚು ಬಂದ. ಬಂದವನು ರೊಟೇಷನ್ ಎನ್ನುವ ಒಂದು ಹೊಸ ಪದ್ಧತಿ ತಂದ. ಮೊದಲಿಂದ ಆಡುವ ಐವರನ್ನೇ ಕೊನೆಯತನಕ ನಿಲ್ಲಿಸದೆ, ಸ್ವಲ್ಪ ಹೊತ್ತಿಗೊಮ್ಮೆ ಒಬ್ಬಿಬ್ಬರನ್ನು ಕೂರಿಸಿ ಬೆಂಚಿನವರನ್ನು ಒಳಗೆ ಬಿಡುತ್ತಿದ್ದ. ಕಾಕಾ ಅದನ್ನು ತಮ್ಮ ಮನೆತನಕ್ಕೆ ಆದ ಅವಮಾನದಂತೆ ತೆಗೆದುಕೊಂಡರು.

“ಐದ್ ಮಂದಿ ಅಂದ್ರ ಐದ್ ಮಂದಿ,” ಎನ್ನುತ್ತಿದ್ದರು. “ಬಾಜೂದವನ ಕಾಲು ಎಲ್ಲಿ ಬೀಳ್ತದ ಅಂತ ನೋಡದನ ತಿಳೀಬೇಕು. ಅದು ದಿನಾ ಕೂಡಿ ಆಡಿದ್ರ ಬರೂದು. ಮದುವಿ ಊಟದಾಗ ಬಡಸವ್ರನ್ನ ನಡುವ ಬದಲಿ ಮಾಡ್ತಾರೇನು?”

“ಮಾಡ್ಬೇಕು ಕಾಕಾ,” ಎಂದೆ ನಾನು. “ಕೊನೇ ಪಂಕ್ತಿ ಹೊತ್ಗೆ ಬಡಿಸೋರಿಗೆ ಸೊಂಟ ಬಿದ್ದೋಗಿರುತ್ತೆ. ಅನ್ನ ಎಲೆಗೆ ಬೀಳಲ್ಲ, ಎಲೆ ಪಕ್ಕಕ್ಕೆ ಬೀಳುತ್ತೆ. ಅಲ್ದೆ ಒಬ್ಬನ ಕಾಲು ಉಳುಕಿದ್ರೆ ಏನ್ಮಾಡ್ತೀರ? ಬೆಂಚಲ್ಲಿ ಕೂತೋನು ಅವತ್ತೇ ಮೊದಲನೇ ಸಲ ಒಳಗೆ ಕಾಲಿಡ್ತಾ ಇರ್ತಾನೆ.”

“ಡ್ಯಾಡ್, ಷೀ ಹ್ಯಾಸ್ ಎ ಪಾಯಿಂಟ್,” ಎಂದಳು ಹೈಸ್ಕೂಲಿಗೆ ಹೋಗುತ್ತಿದ್ದ ಅವರ ಮಗಳು. ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತಿತ್ತು.

ಆ ಶರತ್ಕಾಲವೆಲ್ಲ ಇದೇ ಜಗಳ. ಒಂದು ಶನಿವಾರ ಮುಖ್ಯ ಆಟಗಾರನೊಬ್ಬನ ಪಾದ ತಿರುಚಿತು. ಅವನ ಜಾಗಕ್ಕೆ ಬಂದ ಬೆಂಚಿನ ಹುಡುಗ ಗೋಡೆಯ ಹಾಗೆ ನಿಂತ. ನಾನು ಕಾಕಾನ ಕಡೆ ತಿರುಗಿ ಕೂತೆ. ಅವರು “ದೈವ” ಎಂದು ಗಿರ್ಮಿಟ್ ಬಾಯಿಗೆ ಹಾಕಿಕೊಂಡರು. ಮುಂದಿನ ಶನಿವಾರ ಹೊಸಬ ಹಳಬರ ನಡುವೆ ಸಂದು ಬಿದ್ದು, ಅದರಲ್ಲಿ ನುಗ್ಗಿ ಬಂದ ಎದುರಾಳಿಯೊಬ್ಬ ಆ ಚೆಲುವನನ್ನು ನೆಲಕ್ಕೆ ಒರೆಸಿಹಾಕಿದ. ಈಗ ಕಾಕಾ ನನ್ನ ಕಡೆ ತಿರುಗಿ ಕೂತರು. ನಾನು ಹುಲ್ಲು ಒದ್ದೆಯಾಗಿತ್ತು ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಮ್ಮ ಯಜಮಾನರು ಗೋಡೆಗೆ ಹೇಳಿದರು.

ಯಜಮಾನರು ಕಾಕಾನ ಪಕ್ಷ. ಅದಕ್ಕೆ ಕಾರಣವಿತ್ತು. ನಮ್ಮ ಕನ್ನಡದ ಮನೆಗಳೆಲ್ಲ ಸೇರಿ ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ಊಟ ಹಾಕುತ್ತಿದ್ದೆವು. ಕ್ಯುಪರ್ಟಿನೋದ ಒಂದು ಶಾಲೆಯ ಊಟದ ಹಾಲ್ ಬಾಡಿಗೆಗೆ ಹಿಡಿದು, ವಿಯೆಟ್ನಾಂ ಅಂಗಡಿಯಿಂದ ಫ್ರೀಜ಼್ ಆದ ಬಾಳೆಎಲೆ ತಂದು ಕರಗಿಸಿ, ಪಂಕ್ತಿ ಹಾಕಿ ಬಡಿಸುವುದು. ಬಫೆ ಮಾಡೋಣ ಎಂದು ಯಾರೋ ಒಮ್ಮೆ ಹೇಳಿದ್ದಕ್ಕೆ ಕಾಕಾ ಅವರನ್ನು ಮಾತಾಡಿಸುವುದನ್ನೇ ಬಿಟ್ಟಿದ್ದರು. ಬಡಿಸಲು ಐದು ಜನ, ಎಲ್ಲ ಗಂಡಸರು, ಪ್ರತಿ ವರ್ಷ ಅವರೇ. ಮೊದಲು ಉಪ್ಪಿನಕಾಯಿ ಕೋಸಂಬರಿಯವನು, ಹಿಂದೆ ಪಲ್ಯದವನು, ಅವನ ಹಿಂದೆ ಅನ್ನ, ಅನ್ನದ ಬೆನ್ನಿಗೆ ಸಾರು, ಕೊನೆಗೆ ಒಬ್ಬಟ್ಟು ತುಪ್ಪ ಹಿಡಿದು ಸ್ವತಃ ಕಾಕಾ. ಅವರು ಅದನ್ನು ಹೋಳಿಗೆ ಎನ್ನುತ್ತಿದ್ದರು, ಇರಲಿ. ಸಾರಿನ ಬಕೆಟ್ಟು ನಮ್ಮ ಯಜಮಾನರದು. ಮನೆಯಲ್ಲಿ ತಟ್ಟೆ ಎತ್ತಿಡದ ಮನುಷ್ಯ ಅಲ್ಲಿ ಪಂಚೆ ಎತ್ತಿ ಕಟ್ಟಿ, ಸೌಟು ಹಿಡಿದು, ಸಾಲಿನುದ್ದಕ್ಕೂ ಮೆರೆಯುತ್ತಿದ್ದರು.

ನಾನು ಹಿಂದುಗಡೆ ಸೌತೆಕಾಯಿ ಹೆಚ್ಚುತ್ತಿದ್ದೆ. ಬಂದ ವರ್ಷವೇ ನಾನೂ ಬಡಿಸುತ್ತೇನೆ ಎಂದಿದ್ದೆ. “ಬಕೆಟ್ ಭಾಳ ವಜ್ಜ ಅದವಾ, ನಿನಗ ಎತ್ತಾಕ ಆಗೂದಿಲ್ಲ,” ಎಂದಿದ್ದರು ಕಾಕಾ ಪ್ರೀತಿಯಿಂದಲೇ. ಹೊರಗೆ ಕೆಲಸ ಮಾಡಲು ಸರ್ಕಾರ ಬಿಡಲಿಲ್ಲ, ಸರಿ. ನಮ್ಮದೇ ಊಟದಲ್ಲಿ ನಮ್ಮ ಜನಕ್ಕೆ ಒಂದು ಸೌಟು ಸಾರು ಹಾಕುವುದಕ್ಕೂ ನಾನು ಬೆಂಚಿನ ಮೇಲೇ ಇರಬೇಕೇ? ಇದು ನನಗೆ ನಿಜವಾಗಿ ನೋಯುತ್ತಿತ್ತು. ಫುಟ್‌ಬಾಲಿನ ಜಗಳವೆಲ್ಲ ಆ ಸೌಟಿನ ಜಗಳವೇ ಎಂದು ಕಾಕಾಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಟಿ.ವಿ.ಯಲ್ಲಿ ದಡಿಯರಿರುವಾಗ ಸೌಟಿನ ಹೆಸರು ಯಾರು ಎತ್ತುತ್ತಾರೆ?

ಆ ವರ್ಷದ ಊಟಕ್ಕೆ ಮುಂಚೆ ಧೈರ್ಯ ಮಾಡಿ ಎತ್ತಿದೆ. “ಈ ಸಲ ಪಂಕ್ತಿಗೊಬ್ರನ್ನ ಬದಲಾಯ್ಸಿ ಕಾಕಾ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ.”

“ಕೂಡಿದ ಲೈನ್ ಮುರೀಬಾರ್ದವಾ,” ಎಂದರು ಅವರು. ಅಲ್ಲಿಗೆ ಮುಗಿಯಿತು.

ಊಟದ ದಿನ ಬಂತು. ಮೂರು ಪಂಕ್ತಿಯಷ್ಟು ಜನ. ಮೊದಲ ಪಂಕ್ತಿಯಲ್ಲಿ ಮಕ್ಕಳು, ಮಕ್ಕಳಿಗೆ ತಿನ್ನಿಸಲು ತಾಯಂದಿರು, ಊರಿನಿಂದ ಬಂದ ಒಂದಷ್ಟು ಅಪ್ಪ ಅಮ್ಮಂದಿರು. ಎಲ್ಲ ಎಲೆಗೂ ಉಪ್ಪು ಬಿದ್ದಿತ್ತು, ಕೋಸಂಬರಿ ಹೊರಟಿತ್ತು. ಆಗ ನಮ್ಮ ಯಜಮಾನರ ಸೊಂಟ ಗುಂಯ್ ಎಂದಿತು. ಅದರ ಹಿಂದೆಯೇ ಅನ್ನದವನ ಸೊಂಟ, ಪಲ್ಯದವನ ಸೊಂಟ. ಈ ಮೂವರೂ ಒಂದೇ ಕಂಪನಿ, ಒಬ್ಬರನ್ನೊಬ್ಬರು ಎಳೆದುಕೊಂಡು ಸೇರಿದವರು. ಅಮೆರಿಕದ ಯಾವ ಕಿಟಕಿಗೂ ಅವತ್ತು ಪರದೆ ಕೊಳ್ಳಲು ಆಗುತ್ತಿರಲಿಲ್ಲ. ಮೂವರೂ ಪಾತ್ರೆಗಳನ್ನು ಮೇಜಿನ ಮೇಲಿಟ್ಟು, ಪಂಚೆ ಎತ್ತಿಕೊಂಡು ಪಾರ್ಕಿಂಗ್ ಲಾಟಿನ ಕಡೆ ಓಡಿದರು.

ಕಾಕಾ ಒಬ್ಬಟ್ಟಿನ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದರು. ಐವರಲ್ಲಿ ಉಳಿದವರು ಅವರು ಮತ್ತು ಉಪ್ಪಿನಕಾಯಿಯವನು.

“ತಡೀರಿ, ಬರ್ತಾರ,” ಎಂದರು ಕಾಕಾ. ಒಂದು ಮಗು ಉಪ್ಪು ನೆಕ್ಕಲು ಶುರು ಮಾಡಿತು. ಅದನ್ನು ನೋಡಿ ಪಕ್ಕದ್ದೂ ನೆಕ್ಕಿತು.

ನಾನು ಚಾಕು ಕೆಳಗಿಟ್ಟೆ. “ಕಾಕಾ, ಬೆಂಚಲ್ಲಿ ನಾವಿದೀವಿ.”

ಅವರು ನನ್ನನ್ನು ನೋಡಿದರು, ಬಕೆಟ್ಟನ್ನು ನೋಡಿದರು. ಅಷ್ಟರಲ್ಲಿ ಕಾಕೂ ಸೆರಗು ಸಿಕ್ಕಿಸಿ ಅನ್ನದ ಪಾತ್ರೆ ಎತ್ತಿಯಾಗಿತ್ತು. ಅವರ ಮಗಳು “ಓಕೆ, ವಿಚ್ ಒನ್ ಈಸ್ ಪಲ್ಯ?” ಎಂದು ಕೇಳುತ್ತಾ ಬಂದಳು. ನಾನು ಸಾರಿನ ಬಕೆಟ್ಟು ಎತ್ತಿದೆ. ಭಾರವೇ ಇತ್ತು, ಕಾಕಾ ಸುಳ್ಳು ಹೇಳಿರಲಿಲ್ಲ.

ಮೊದಲ ಪಂಕ್ತಿಯ ಕಥೆಯನ್ನು ಕಾಕಾ ಆಮೇಲೆ ಬಹಳ ಜನಕ್ಕೆ ಹೇಳಿದ್ದಾರೆ, ನಾನು ಚಿಕ್ಕದಾಗಿ ಹೇಳುತ್ತೇನೆ. ಕಾಕೂಗೆ ಒಂದು ಗುಣ. ಅವರು ಯಾರಿಗೂ ಅನ್ನವನ್ನು ಬರಿದೇ ಹಾಕುವವರಲ್ಲ. ಪ್ರತಿ ಎಲೆಯ ಮುಂದೆ ನಿಂತು, ಅವ್ವ ಹ್ಯಾಂಗಿದ್ದಾರ, ಮನಿ ತೊಗೊಂಡ್ರೇನು, ಕೂಸಿಗೆ ಹಲ್ಲು ಬಂದೂ ಏನು ಎಂದು ಕೇಳಿ ಉತ್ತರ ಪಡೆದು ಹಾಕುವವರು. ನನಗಾದರೋ ಕಾಲೇಜಿನಿಂದ ಕೂಡಿಟ್ಟ ಕಾತರ. ಕಾಕೂ ಒಂದು ಹಲ್ಲಿನ ವಿಚಾರದಲ್ಲಿ ನಿಂತಿದ್ದಾಗ ನಾನು ತಲೆ ಬಗ್ಗಿಸಿಕೊಂಡು ಅವರನ್ನು ದಾಟಿ ಮುಂದೆ ಹೋಗಿಬಿಟ್ಟೆ. ಅನ್ನವಿಲ್ಲದ ಎಲೆಗೆ ಸಾರು ಹುಯ್ದೆ. ಪಕ್ಕದ ಎಲೆಗೂ ಹುಯ್ದೆ. ಫ್ರೀಜ಼್ ಆಗಿ ಕರಗಿದ ಎಲೆ ಸತ್ತ ಹಾವಿನ ಹಾಗೆ ಮೆತ್ತಗಿರುತ್ತದೆ, ಯಾವುದನ್ನೂ ತಡೆದು ನಿಲ್ಲಿಸುವುದಿಲ್ಲ. ತಡೆಯಲು ಅನ್ನದ ಗುಡ್ಡೆಯೂ ಇಲ್ಲ. ಸಾರು ಎಲೆ ದಾಟಿ, ಮೇಜು ದಾಟಿ, ಹಾಸನದಿಂದ ಮಗನನ್ನು ನೋಡಲು ಬಂದಿದ್ದ ಒಬ್ಬ ಹಿರಿಯರ ಬಿಳಿ ಪಂಚೆಗೆ ಇಳಿಯಿತು. ಅವರು ಅಲುಗಲಿಲ್ಲ. “ಬಿಸಿಯಾಗೈತೆ, ಚೆನ್ನಾಗೈತೆ,” ಎಂದರು.

ಸಾಲಿನ ಕೊನೆಯಿಂದ ಕಾಕಾನ ದನಿ ಕೇಳಿತು. “ಫಾಲ್ಸ್ ಸ್ಟಾರ್ಟ್.”

ಅಮೆರಿಕದಲ್ಲಿ ಬೆಳೆದ ಮಕ್ಕಳೆಲ್ಲ ಎಲೆಯ ಮುಂದೆಯೇ ಬಿದ್ದು ನಕ್ಕವು. ನನಗೆ ಮುಖ ಉರಿಯಿತು. ಕೈ ಒದ್ದೆಯಾಗಿ ಬಳೆಗಳು ಮಣಿಕಟ್ಟಿನಿಂದ ಜಾರಿ ಬಕೆಟ್ಟಿನ ಹಿಡಿಗೆ ಸಿಕ್ಕಿಕೊಳ್ಳುತ್ತಿದ್ದವು, ಸೌಟಿಗೆ ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಕಾಕಾ ಹೇಳಿದ್ದು ನಿಜವೇ ಎಂದು ಆ ಕ್ಷಣಕ್ಕೆ ಅನ್ನಿಸಿತು. ಪಕ್ಕದವಳ ಕಾಲು ಎಲ್ಲಿ ಬೀಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಕೆಟ್ಟು ಇಟ್ಟು ಸೌತೆಕಾಯಿಗೆ ವಾಪಸು ಹೋಗಿಬಿಡೋಣ ಎಂದುಕೊಂಡೆ. ಆದರೆ ಅಲ್ಲಿ ಹೆಚ್ಚಲು ಸೌತೆಕಾಯಿ ಉಳಿದಿರಲಿಲ್ಲ.

ಎರಡನೆಯ ಪಂಕ್ತಿಗೆ ಎಲೆ ಹಾಕುವಾಗ ಕಾಕೂ ನನ್ನ ಪಕ್ಕಕ್ಕೆ ಬಂದರು. “ನಾ ಮಾತಾಡೂದು ಬಿಡೂದಿಲ್ಲವಾ, ನಂಗ ಆಗೂದಿಲ್ಲ,” ಎಂದರು. “ಅನ್ನ ಹಾಕಿ ಆದ ಮ್ಯಾಲ ಪಾತ್ರಿಗೆ ಟೊಕ್ ಅಂತ ಹೊಡೀತೀನಿ. ಆವಾಗ ನೀ ಹುಯ್ಯಿ.”

ಅಷ್ಟೇ ಸಾಕಾಯಿತು. ಅವರು ಮನೆ ಸಾಲ, ಮಂಡಿ ನೋವು ಎಲ್ಲ ವಿಚಾರಿಸಿ ಟೊಕ್ ಎನ್ನುವರು. ನಾನು ಅನ್ನದ ಗುಳಿಗೆ ಸರಿಯಾಗಿ ಒಂದು ಸೌಟು ಬಿಟ್ಟು ಮುಂದೆ ಹೆಜ್ಜೆ ಇಡುವೆ. ಸ್ವಲ್ಪ ಹೊತ್ತಿಗೆ ಮುಂದಿದ್ದ ಮಗಳೂ ಆ ಟೊಕ್‌ಗೆ ಸರಿಯಾಗಿ ಪಲ್ಯ ಹಾಕಲು ಕಲಿತಳು. ಹಿಂದಿನಿಂದ ಕಾಕಾನ ತುಪ್ಪದ ಮಿಳ್ಳೆಯೂ ಅದೇ ಲಯಕ್ಕೆ ಬಂತು. ಪಂಕ್ತಿಯ ಅರ್ಧ ಕಳೆಯುವ ಹೊತ್ತಿಗೆ ನಾನು ಕಾಕೂ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಜನ “ಇಲ್ಲಿ ಸ್ವಲ್ಪ ಸಾರು” ಎಂದು ಕೈ ಚಾಚಿ ಕರೆಯುತ್ತಿದ್ದರು, ನಾನು ಹೋಗುತ್ತಿದ್ದೆ. ಯಾರಿಗೋ ನನ್ನಿಂದ ಏನೋ ಬೇಕಾಗಿದೆ ಎನ್ನುವುದು ಎಷ್ಟು ಸಂತೋಷದ ವಿಷಯ ಎಂದು ಮರೆತೇಹೋಗಿತ್ತು. ಸೊಂಟ ನೋಯುತ್ತಿತ್ತು, ಸೀರೆಯ ನೆರಿಗೆಯೆಲ್ಲ ಸಾರಾಗಿತ್ತು, ನಾನು ತುಂಬ ಖುಷಿಯಾಗಿದ್ದೆ.

ಕೊನೆಯ ಪಂಕ್ತಿಗೆ ಎಲೆ ಹಾಸಿ ಆಗಿತ್ತು. ಅದು ಅಡುಗೆ ಮಾಡಿದವರ, ಕುರ್ಚಿ ಜೋಡಿಸಿದವರ ಪಂಕ್ತಿ. ಹಿಂದಿನ ಪಂಕ್ತಿಗಳಲ್ಲಿ ಏನೇ ಹೆಚ್ಚುಕಮ್ಮಿಯಾದರೂ ಇದನ್ನು ಸರಿಯಾಗಿ ಬಡಿಸಬೇಕು ಎಂದು ಕಾಕಾನ ಕಟ್ಟಳೆ. ಆಗ ಬಾಗಿಲಲ್ಲಿ ಮೂವರು ಕಾಣಿಸಿಕೊಂಡರು. ಕಂಪ್ಯೂಟರು ಎದ್ದಿತ್ತು, ಅಮೆರಿಕಕ್ಕೆ ಮತ್ತೆ ಪರದೆ ಸಿಗುತ್ತಿತ್ತು. ಪಲ್ಯದವನು, ಅನ್ನದವನು ಕೈ ತೊಳೆದು ಸಾಲಿನ ಹತ್ತಿರ ಬಂದರು. ನಮ್ಮ ಯಜಮಾನರು ಪಂಚೆ ಎತ್ತಿ ಕಟ್ಟುತ್ತಾ ನೇರ ನನ್ನ ಹತ್ತಿರ ಬಂದು ಬಕೆಟ್ಟಿಗೆ ಕೈ ಚಾಚಿದರು.

“ಸಾಕು ಕೊಡು, ಸುಸ್ತಾಗಿದ್ದೀಯ.”

ನಾನು ಹಿಡಿ ಬಿಡಲಿಲ್ಲ. ಕೊಡಲೂ ಇಲ್ಲ, ಕೊಡಲ್ಲ ಎನ್ನಲೂ ಇಲ್ಲ. ಇದು ನಾನು ಹೇಳುವ ಮಾತಲ್ಲ, ಲೈನಿನ ಯಜಮಾನ ಹೇಳಬೇಕಾದ ಮಾತು. ಕಾಕಾನ ಕಡೆ ನೋಡಿದೆ. ಎಲೆಯ ಮುಂದೆ ಕೂತವರೂ ಅವರ ಕಡೆಯೇ ನೋಡಿದರು. ಅವರು ಹೇಳುವುದೇನೆಂದು ನನಗೆ ಬಾಯಿಪಾಠವಾಗಿತ್ತು. ಐದು ಮಂದಿ ಅಂದರೆ ಐದು ಮಂದಿ. ಆ ಐವರು ಈಗ ಬಂದಿದ್ದಾರೆ. ಒಂದು ಬಕೆಟ್ಟು ಸಾರಿಗೆ ಇಷ್ಟು ಹೆದರಿಕೆಯೇ ಎಂದು ನನಗೇ ನಾಚಿಕೆಯಾಯಿತು.

ಕಾಕಾ ತುಪ್ಪದ ಮಿಳ್ಳೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಹೆಂಡತಿಯನ್ನು ನೋಡಿದರು, ಮಗಳನ್ನು ನೋಡಿದರು, ನನ್ನನ್ನು ನೋಡಿದರು.

“ಕೂಡಿದ ಲೈನ್ ಮುರೀಬಾರ್ದು,” ಎಂದರು. “ಇದು ಕೂಡ್ಯದ. ನೀವ್ ಮೂವರೂ ಊಟಕ್ಕ ಕೂಡ್ರಿ.”

ಇಡೀ ಶರತ್ಕಾಲ ನಾನು ಯಾವ ಮಾತನ್ನು ಬೈದಿದ್ದೆನೋ ಅದೇ ಮಾತು ನನ್ನನ್ನು ಕಾಯಿತು. ಅನ್ನದವನು, ಪಲ್ಯದವನು ತಕ್ಷಣ ಹೋಗಿ ಕೂತರು. ಪ್ರತಿ ವರ್ಷ ಎಲ್ಲರದ್ದೂ ಆದ ಮೇಲೆ ಆರಿದ ಅನ್ನ ತಿಂದವರಿಗೆ ಬಿಸಿ ಒಬ್ಬಟ್ಟಿನ ವಾಸನೆ ಬಡಿದಿತ್ತು, ಅವರಿಗೆ ಯಾವ ಬೇಸರವೂ ಇದ್ದಂತೆ ಕಾಣಲಿಲ್ಲ. ನಮ್ಮ ಯಜಮಾನರು ಮಾತ್ರ ಕದಲಲಿಲ್ಲ.

“ನೀನು ರೊಟೇಷನ್ನು, ರೊಟೇಷನ್ನು ಅಂತಿದ್ಯಲ್ಲೇ? ಈಗ ಬಿಡಬೇಕು ತಾನೆ?”

“ಅದು ನಾನು ಹೊರಗಿದ್ದಾಗ,” ಎಂದೆ.

ಕಾಕೂ ಪಾತ್ರೆ ಎತ್ತಿಕೊಂಡು ಕಾಯುತ್ತಿದ್ದರು. ನಾನು ಬಕೆಟ್ಟನ್ನು ಕೆಳಗಿಟ್ಟೆ. ಕೊಡುತ್ತೇನೆ ಎಂದುಕೊಂಡು ಯಜಮಾನರು ಬಗ್ಗಿದರು. ನಾನು ಶಾಸ್ತ್ರಕ್ಕೆ ಒಂದೊಂದು ಬಿಟ್ಟು ಉಳಿದ ಬಳೆಗಳನ್ನೆಲ್ಲ ಬಿಚ್ಚಿ ಅವರ ಕೈಯಲ್ಲಿಟ್ಟೆ.

ಅವರು ಹೋಗಿ ಸಾಲಿನ ತುದಿಯಲ್ಲಿ ಕೂತರು. ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಲ್ಲಿ ಕೂತರೇನು ಎಂದು ಪಕ್ಕದವನಿಗೆ ಜಂಬದಿಂದ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ನಾನು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅವರ ಬಲಗೈ ಅನ್ನದಲ್ಲಿತ್ತು, ಎಡಗೈ ತುಂಬ ನನ್ನ ಹಸಿರು ಬಳೆ. ಸೊಂಟದ ಪೇಜರು ಗುಂಯ್ ಎನ್ನುತ್ತಿತ್ತು, ಅದನ್ನು ಮುಟ್ಟಲು ಅವರಿಗೆ ಕೈಯೇ ಇರಲಿಲ್ಲ.

“ಇದನ್ನ ಎಲ್ಲಿಡ್ಲಿ?” ಎಂದರು.

“ಹಿಡ್ಕೊಂಡಿರಿ,” ಎಂದೆ. “ಆಟ ಮುಗಿಯೋವರ್ಗೂ.”

ಮುಂದೆ ಟೊಕ್ ಎಂದಿತು. ನಾನು ಅವರ ಎಲೆಗೆ ಸಾರು ಬಿಟ್ಟು ಅತ್ತ ನಡೆದೆ.